ಜಿಂಕೆಯನ್ನು ಕರೆಯುವ ಕೊಂಬು

ಮೃಗವನ್ನು ಮೃಗದಿಂದಲೇ ಮರುಳುಗೊಳಿಸುವ ವಿದ್ಯೆಯು ನಮ್ಮವರಿಗೆ ಹೊಸದಲ್ಲ. ಪಳಗಿಸಿದ ಜಿಂಕೆಯೊಂದನ್ನು ಕಾಡಿನಂಚಿನಲ್ಲಿ ಮೇಯಲು ಬಿಟ್ಟು, ಅದನ್ನು ಕಂಡು ಹತ್ತಿರ ಬರುವ ಕಾಡುಜಿಂಕೆಗಾಗಿ ಬೇಟೆಗಾರನು ಪೊದೆಯ ಮರೆಯಲ್ಲಿ ಹೊಂಚಿ ಕುಳಿತಿರುತ್ತಿದ್ದನು. ಹೀಗೆ ಪಳಗಿದ ಮೃಗಕ್ಕೆ ಕನ್ನಡದಲ್ಲಿ ‘ದೀವ’ವೆಂದು ಹಳೆಯ ಹೆಸರೇ ಉಂಟು. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಇದಕ್ಕಿಂತಲೂ ವಿಚಿತ್ರವಾದ ಪದ್ಧತಿಯೊಂದು ಪ್ರಸಿದ್ಧವಾಗಿದೆ. ಅಲ್ಲಿ ದೀವದ ಮೃಗವಿಲ್ಲ, ಅದರ ಸದ್ದು ಮಾತ್ರ ಇರುವುದು. ಬೇಟೆಗಾರನು ಎರಡು ಕೊಂಬುಗಳನ್ನು ಎರಡು ಕೈಗಳಲ್ಲಿ ಹಿಡಿದು ಒಂದಕ್ಕೊಂದು ಬಡಿಯುವನು. ಎರಡು ಗಂಡುಜಿಂಕೆಗಳು ಹೆಣ್ಣಿಗಾಗಿ ಕಾದಾಡುತ್ತಿವೆಯೆಂದು ಭಾವಿಸಿ ಮೂರನೆಯ ಗಂಡೊಂದು ಪೊದೆಗಳನ್ನು ಸೀಳಿಕೊಂಡು ಅಲ್ಲಿಗೆ ಬರುವುದು.

ಕೆಲವು ವರ್ಷಗಳ ಹಿಂದೆ ಒಂದು ಡಿಸೆಂಬರ್ ತಿಂಗಳನ್ನು ನಾನು ಆ ಸೀಮೆಯಲ್ಲಿ ಸ್ನೇಹಿತರ ಮನೆಯಲ್ಲಿ ಕಳೆದೆನು. ನಾನು ಬೇಟೆಗಾರನಲ್ಲ, ಬಂದೂಕನ್ನು ಕೈಯಿಂದ ಮುಟ್ಟಿದವನೂ ಅಲ್ಲ. ಆದರೆ ನೆರೆಮನೆಯ ಊಟದ ಮೇಜಿನ ಸುತ್ತ ನಡೆದ ವಿವಾದವೊಂದು ನನ್ನ ಕುತೂಹಲವನ್ನು ಕೆರಳಿಸಿತು. ಆ ಮನೆಯ ಹದಿಮೂರು ವರ್ಷದ ಹುಡುಗನು ಮೊದಲ ಸಲ ಅಜ್ಜನೊಡನೆ ಬೇಟೆಗೆ ಹೊರಡುವವನಿದ್ದನು. ಗೋಡೆಯ ಮೇಲೆ ತೂಗುತ್ತಿದ್ದ, ತನ್ನ ತಂದೆಯ ಕಾಲದಿಂದ ಬಂದ ನಿಜವಾದ ಕೊಂಬುಗಳ ಜೋಡಿಯನ್ನೇ ಮೊಮ್ಮಗನ ಕೈಗೆ ಕೊಡಬೇಕೆಂದು ಅಜ್ಜನ ಹಟ. ಅಂಗಡಿಯಿಂದ ತಂದ ಕೃತಕ ಕೊಂಬುಗಳೇ ಇರಲಿ, ಇಲ್ಲವಾದರೆ ಹುಡುಗನು ಮನೆಯಲ್ಲೇ ಇರಲಿ, ಎಂದು ತಾಯಿಯ ಹಟ.

ಈ ವಿವಾದವು ತಿಳಿಯಬೇಕಾದರೆ ಮೊದಲು ಕೊಂಬೆಂದರೇನೆಂಬುದನ್ನು ತಿಳಿಯಬೇಕು. ನಾವು ದನದ ಕೊಂಬು, ಜಿಂಕೆಯ ಕೊಂಬು ಎರಡಕ್ಕೂ ಒಂದೇ ಹೆಸರನ್ನು ಹೇಳುವೆವಾದರೂ ಇವೆರಡೂ ಬೇರೆ ಬೇರೆ ವಸ್ತುಗಳು. ಹಸು, ಆಡು, ಕೃಷ್ಣಮೃಗ ಮೊದಲಾದವುಗಳ ಕೊಂಬಿನಲ್ಲಿ ಒಳಗೆ ಮೂಳೆಯ ತಿರುಳು, ಹೊರಗೆ ನಮ್ಮ ಉಗುರಿನಂಥ ಪದಾರ್ಥದ ಕವಚ. ಅದು ಸಾಯುವವರೆಗೂ ಬೀಳದು. ಕಡವೆ, ಚುಕ್ಕೆಜಿಂಕೆ ಮೊದಲಾದವುಗಳ ಕವಲುಗೊಂಬಾದರೋ ಶುದ್ಧ ಮೂಳೆ. ಉದುರಿ ಮತ್ತೆ ಮೊಳೆಯುವಂಥದು. ಟೆಕ್ಸಾಸಿನ ಬಿಳಿಬಾಲದ ಜಿಂಕೆಯೂ ಈ ಜಾತಿಗೆ ಸೇರಿದ್ದು. ವಸಂತದಲ್ಲಿ ಅದರ ತಲೆಯ ಮೇಲೆ ಮಖಮಲ್ಲಿನಂಥ ತೊಗಲು ಹೊದ್ದ ಎಳೆಯ ಕೊಂಬು ಮೂಡುವುದು. ಬೇಸಗೆಯ ಕೊನೆಗೆ ಬೆಳವಣಿಗೆ ನಿಂತು ಗಟ್ಟಿಯಾಗಿ, ತೊಗಲು ಒಣಗುವುದು. ಆಗ ಜಿಂಕೆಯು ಗಿಡಗಳಿಗೆ ತಲೆಯನ್ನು ಉಜ್ಜಿ ತೊಗಲನ್ನು ಕಳಚಿಕೊಳ್ಳುವುದು. ಬೆದೆಗಾಲವು ಕಳೆದ ಮೇಲೆ, ಚಳಿಗಾಲದ ಕೊನೆಯ ಹೊತ್ತಿಗೆ, ಎರಡು ಕೊಂಬುಗಳೂ ತಾವಾಗಿಯೇ ಉದುರುವುವು. ಇಂಥ ಉದುರುಗೊಂಬನ್ನು ಹುಡುಕುತ್ತ ಕಾಡು ತಿರುಗುವುದು ಅಲ್ಲಿನ ಅನೇಕರಿಗೆ ಬೇಟೆಗಿಂತಲೂ ಪ್ರಿಯವಾದ ಹವ್ಯಾಸ. ನಿಜವಾದ ಕೊಂಬೆಂದು ಅಜ್ಜನು ಹೇಳಿದ್ದು ಇದನ್ನೇ. ಅದಕ್ಕಾಗಿ ಯಾವ ಜಿಂಕೆಯನ್ನೂ ಕೊಂದಿರಲಿಲ್ಲ.

ಅಜ್ಜನ ವಾದವು ಸದ್ದನ್ನು ಕುರಿತದ್ದು. ಹೊಸದಾಗಿ ಉದುರಿದ ಕೊಂಬು ತೂಕವುಳ್ಳದ್ದಾಗಿಯೂ ಬಿಗಿಯಾಗಿಯೂ ಇರುವುದರಿಂದ ಅದನ್ನು ತಾಗಿಸಿದಾಗ ಬರುವ ನಾದವು ತುಂಬಿದ್ದು, ದೂರ ಮುಟ್ಟುವಂಥದು. ಅಗ್ಗದ ಪ್ಲಾಸ್ಟಿಕ್ಕಿನ ಕೊಂಬುಗಳದು ಟೊಳ್ಳು ಸದ್ದು. “ಅಡಿಗೆಮನೆಯಲ್ಲಿ ತಟ್ಟೆಗಳು ಬಿದ್ದಹಾಗೆ” ಎಂದು ಆತನು ಅಣಕಿಸಿದನು. ಮಾತು ಸುಳ್ಳಲ್ಲ. ಆದರೆ ಅದಕ್ಕೆ ಎರಡು ತಿದ್ದುಪಡಿಗಳು ಬೇಕು. ಮೊದಲನೆಯದು, ನಿಜವಾದ ಕೊಂಬೂ ಶಾಶ್ವತವಲ್ಲ. ಬಿಸಿಲು ಮಳೆಗಳಲ್ಲಿ ಬಿದ್ದಿದ್ದ ಕೊಂಬು ಬೆಳ್ಳಗಾಗಿ, ಬಿರುಕು ಬಿಟ್ಟು, ಸುಣ್ಣದ ಕಡ್ಡಿಯಂತಾಗುವುದು. ಸುಣ್ಣ ರಂಜಕಗಳ ಆಸೆಗೆ ಇಲಿ ಅಳಿಲುಗಳು ಅದನ್ನು ಕಡಿದು ಸವೆಸುವುವು. ಅಂಥದನ್ನು ಬಡಿದರೆ ಕೇಳುವುದು ಮಂಕು ಸದ್ದು. ಎರಡನೆಯದು, ಕೃತಕ ಕೊಂಬುಗಳೆಲ್ಲವೂ ಒಂದೇ ತರದವಲ್ಲ. ರಾಳದಂಥ ಗಟ್ಟಿ ಪದಾರ್ಥವನ್ನು ಅಚ್ಚಿಗೆರೆದು ಮಾಡಿದ ತೂಕದ ಕೊಂಬುಗಳ ಸದ್ದು ನಿಜವಾದುದಕ್ಕೆ ತೀರ ಸಮೀಪವಾಗಿದ್ದು, ವರ್ಷಗಳು ಕಳೆದರೂ ಬದಲಾಗುವುದಿಲ್ಲ. ಕಡ್ಡಿಗಳನ್ನು ತುಂಬಿ ಹೊಲಿದ ಚೀಲಗಳೂ ಉಂಟು. ಅಂಗೈಗಳ ನಡುವೆ ಹೊಸೆದರೆ ಸಾಕು, ಕೊಂಬಿನ ತಿಕ್ಕಾಟದ ಸದ್ದು ಬರುವುದು. ಜೇಬಿನಲ್ಲಿಟ್ಟುಕೊಳ್ಳಲು ಅನುಕೂಲ, ಬೆರಳು ಜಜ್ಜುವ ಭಯವಿಲ್ಲ. ಆದರೆ ಅದರ ಸದ್ದು ಚಿಕ್ಕದು.

ಸದ್ದು ಚಿಕ್ಕದಾದರೆ ನಷ್ಟವೆಷ್ಟು? ಇದನ್ನು ಊಹೆಗೆ ಬಿಡದೆ ಪರೀಕ್ಷಿಸಿದವರಿದ್ದಾರೆ. ದಕ್ಷಿಣ ಟೆಕ್ಸಾಸಿನ ಸಿಂಟನ್ ಪಟ್ಟಣದ ಬಳಿಯ ವೆಲ್ಡರ್ ವನ್ಯಜೀವಿಧಾಮದಲ್ಲಿ ಮಿಕಿ ಹೆಲಿಕ್ಸನ್ ಎಂಬ ಜೀವಶಾಸ್ತ್ರಜ್ಞರೂ ಅವರ ಸಂಗಡಿಗರೂ 1990ರ ದಶಕದ ಮೊದಲ ವರ್ಷಗಳಲ್ಲಿ 171 ಸಲ ಕೊಂಬು ಬಡಿದು, ಎತ್ತರದ ಅಟ್ಟಣೆಯ ಮೇಲಿನಿಂದ ನೋಡಿದರು. ಬಂದ ಗಂಡುಜಿಂಕೆಗಳು 111. ಬಲವಾಗಿ ಬಡಿದಾಗ ಬಂದವುಗಳ ಸಂಖ್ಯೆಯು ಮೆಲ್ಲಗೆ ಬಡಿದಾಗ ಬಂದವುಗಳಿಗಿಂತ ಸುಮಾರು ಮೂರು ಪಟ್ಟು. ಎಷ್ಟು ಹೊತ್ತು ಬಡಿದರೆಂಬುದರಿಂದ ಹೆಚ್ಚಿನ ಅಂತರವೇನೂ ಕಾಣಲಿಲ್ಲ. ನನಗೆ ತೋರುವುದೇನೆಂದರೆ, ಕೊಂಬು ನಿಜವೋ ಕೃತಕವೋ ಎಂಬುದಕ್ಕಿಂತ ಅದು ಗಟ್ಟಿಯಾಗಿ ಕೇಳುವುದೋ ಇಲ್ಲವೋ ಎಂಬುದೇ ಮುಖ್ಯ. ಒಳ್ಳೆಯ ಕೃತಕ ಕೊಂಬು ಕೆಟ್ಟ ನಿಜಗೊಂಬಿಗಿಂತ ಮೇಲು.

ಅದೂ ಅಲ್ಲದೆ ಕೊಂಬೊಂದರಿಂದಲೇ ಕೆಲಸವಾಗದು. ಕಾಲವು ಕೂಡಿಬರಬೇಕು; ಉತ್ತರದ ಸಂಸ್ಥಾನಗಳಲ್ಲಿ ನವೆಂಬರಿನಲ್ಲಿ ಏರುವ ಬೆದೆಯು ದಕ್ಷಿಣ ಟೆಕ್ಸಾಸಿನಲ್ಲಿ ಡಿಸೆಂಬರಿನ ನಡುವೆ ಏರುವುದು. ಗಾಳಿಯನ್ನು ನೋಡಬೇಕು, ಸದ್ದು ಕೇಳಿದ ಜಿಂಕೆಯು ನೇರವಾಗಿ ಬಾರದೆ, ಗಾಳಿ ಬೀಸುವ ದಿಕ್ಕಿಗೆ ಸುತ್ತು ಹಾಕಿ ಮೂಸಿ ನೋಡುವುದು. ಮನುಷ್ಯನ ವಾಸನೆ ಸಿಕ್ಕಿತೆಂದರೆ ಎಂಥ ಕೊಂಬೂ ಅದನ್ನು ತಡೆಯಲಾರದು. ಬಡಿಯುವುದಕ್ಕೂ ಕ್ರಮವುಂಟು. ಮೊದಲು ಒಮ್ಮೆ ರಭಸದಿಂದ ತಾಗಿಸುವುದು. ಅನಂತರ ಕವಲುಗಳನ್ನು ಹೆಣೆದು ತಿರುಚುತ್ತ ತಿಕ್ಕುವುದು. ನಡುನಡುವೆ ಗಿಡದ ಕೊಂಬೆಗಳನ್ನು ಕೆರೆಯುವುದು, ಕೊಂಬಿನ ಬುಡದಿಂದ ನೆಲವನ್ನು ಗುದ್ದಿ ಗೊರಸಿನ ಸಪ್ಪಳವನ್ನು ಹುಟ್ಟಿಸುವುದು. ಆಮೇಲೆ ಸುಮ್ಮನೆ ಕಾಯುವುದು. ಈ ಕಾಯುವಿಕೆಯೇ ಹುಡುಗರಿಗೆ ಕಷ್ಟ, ಎಂದು ಅಜ್ಜನು ಹೇಳಿದನು.

ಇನ್ನು ತಾಯಿಯ ವಾದ. ಆಕೆಯು ಸದ್ದಿನ ಮಾತನ್ನೇ ಎತ್ತಲಿಲ್ಲ. ಪೊದೆಯ ಮರೆಯಲ್ಲಿ ಕುಳಿತು, ಜಿಂಕೆಯ ಸದ್ದನ್ನು ಮಾಡುತ್ತ, ಜಿಂಕೆಯ ಕೊಂಬುಗಳನ್ನು ಅಲುಗಾಡಿಸುವವನು ದೂರದಲ್ಲಿರುವ ಇನ್ನೊಬ್ಬ ಬೇಟೆಗಾರನ ಕಣ್ಣಿಗೆ ಹೇಗೆ ಕಂಡಾನು? ಇದಕ್ಕೆ ಅಜ್ಜನು ಉತ್ತರ ಕೊಡಲಿಲ್ಲ. ಏಕೆಂದರೆ, ಆಮೇಲೆ ನನಗೆ ತಿಳಿದಂತೆ, ಆತನು ಯೌವನದಲ್ಲಿ ಹೀಗೆ ಕೊಂಬು ಬಡಿಯುತ್ತಿದ್ದಾಗ ಒಂದು ಗುಂಡು ತಲೆಯ ಮೇಲಿನ ಮರದ ತೊಗಟೆಯನ್ನು ಹಾರಿಸಿಕೊಂಡು ಹೋಗಿತ್ತು. ಹೊಡೆದವನು ಓಡಿಬಂದು ಅತ್ತುಬಿಟ್ಟನಂತೆ. ಇಂಥ ಪ್ರಮಾದವನ್ನು ತಪ್ಪಿಸಲೆಂದೇ ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ಟೊಪ್ಪಿಗೆಗಳನ್ನು ತೊಡುವರು. ಟೆಕ್ಸಾಸಿನ ಸಾರ್ವಜನಿಕ ಬೇಟೆಯ ಭೂಮಿಗಳಲ್ಲಿ ಇದು ಕಡ್ಡಾಯ. ಜಿಂಕೆಗೆ ಆ ಬಣ್ಣವು ನಮಗೆ ಕಾಣುವಂತೆ ಕಾಣದು, ಆದ್ದರಿಂದ ಬೇಟೆಗೇನೂ ತೊಡಕಿಲ್ಲ. ಕೃತಕ ಕೊಂಬುಗಳಲ್ಲಿ ಕೆಲವನ್ನು ಎದ್ದುಕಾಣುವ ಬಣ್ಣದಲ್ಲೇ ಎರಕ ಹೊಯ್ದಿರುವರು. ಕಡ್ಡಿಯ ಚೀಲವಂತೂ ಯಾರ ಕಣ್ಣಿಗೂ ಕೊಂಬಿನಂತೆ ತೋರಲಾರದು. ಈ ಒಂದು ಗುಣದ ಮುಂದೆ ನಾದದ ಮೇಲ್ಮೆಯನ್ನು ತೂಗಿನೋಡುವಾಗ ನಾನು ತಾಯಿಯ ಪಕ್ಷದವನೇ.

ಈಚೆಗೆ ಹುಟ್ಟಿಕೊಂಡ ಮತ್ತೊಂದು ವಿಚಾರವೂ ಉಂಟು. 1967ರಲ್ಲಿ ಕೊಲೊರಾಡೋ ಸಂಸ್ಥಾನದಲ್ಲಿ, ಬೇಲಿಯೊಳಗೆ ಸಾಕಿದ್ದ ಜಿಂಕೆಗಳಲ್ಲಿ ಮೊದಲು ಕಂಡುಬಂದ ಒಂದು ಮಿದುಳಿನ ರೋಗವು, ಮೃಗವನ್ನು ಮೆಲ್ಲಮೆಲ್ಲನೆ ಕೃಶಗೊಳಿಸಿ ಕೊಲ್ಲುವಂಥದು, 2012ರಲ್ಲಿ ಟೆಕ್ಸಾಸಿನಲ್ಲಿಯೂ ಕಾಣಿಸಿಕೊಂಡಿತು. ಅದಕ್ಕೆ ಮದ್ದಿಲ್ಲ. ಆದಕಾರಣ ಅನೇಕ ಸಂಸ್ಥಾನಗಳವರು ಕೊಂದ ಜಿಂಕೆಯ ಇಡೀ ತಲೆಯನ್ನು ಗಡಿ ದಾಟಿಸಗೊಡರು. ಮಾಂಸವನ್ನೂ ಮಿದುಳನ್ನೂ ತೆಗೆದು ತೊಳೆದ ಕೊಂಬುಗಳಿಗೆ ಮಾತ್ರ ಒಪ್ಪಿಗೆ. ತಾನಾಗಿ ಉದುರಿದ, ಒಣಗಿದ ಕೊಂಬನ್ನು ಆರಿಸಿಕೊಳ್ಳುವವನಿಗೆ ಈ ತಲೆನೋವು ಕಡಿಮೆ.

ನಮ್ಮ ಓದುಗರಲ್ಲಿ ಯಾರಾದರೂ ಬಂಡೀಪುರದ ದಾರಿಯಲ್ಲಿ ಬಿದ್ದ ಚುಕ್ಕೆಜಿಂಕೆಯ ಕೊಂಬನ್ನು ಮನೆಯ ಗೋಡೆಗೆ ತರಬಹುದೇ ಎಂದು ಯೋಚಿಸಿದರೆ, ತರಬಾರದು. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಿಂದ ನಮ್ಮಲ್ಲಿ ಜಿಂಕೆಯ ಬೇಟೆ ನಿಷಿದ್ಧವಾಗಿರುವುದು ಮಾತ್ರವಲ್ಲ, ಕಾಡಿನಲ್ಲಿ ಬಿದ್ದ ಕೊಂಬನ್ನು ಎತ್ತಿ ತರುವುದೂ ಅಪರಾಧ. ವಿನೋದವೆಂದರೆ, ಅದೇ ಚುಕ್ಕೆಜಿಂಕೆಯನ್ನು 1932ರ ಸುಮಾರಿಗೆ ಟೆಕ್ಸಾಸಿಗೆ ಒಯ್ದರು. ಅಲ್ಲೀಗ ಅದು ಬೇಲಿಗಳನ್ನು ದಾಟಿ, ಗುಡ್ಡಸೀಮೆಯಲ್ಲೆಲ್ಲ ಹಬ್ಬಿಕೊಂಡಿದೆ. ಅದಕ್ಕೆ ಬಿಳಿಬಾಲದ ಜಿಂಕೆಯ ಹಾಗೆ ಒಂದೇ ಬೆದೆಗಾಲವಿಲ್ಲ. ಯಾವ ತಿಂಗಳಿನಲ್ಲಾದರೂ ಗಟ್ಟಿ ಕೊಂಬಿನ ಗಂಡೊಂದು ಸಿಕ್ಕೀತು.

ಮೇಜಿನ ಸುತ್ತಲಿನ ವಿವಾದವು ಮೂರು ದಿನ ನಡೆಯಿತು. ನಾಲ್ಕನೆಯ ದಿನ ಬೆಳಗ್ಗೆ ನಾನು ಹೋಗಿ ನೋಡಿದಾಗ ಅಜ್ಜನು ಹಿತ್ತಲಿನಲ್ಲಿ ಗರಗಸ ಹಿಡಿದು ಕುಳಿತಿದ್ದನು. ಹುಬ್ಬಿನ ಬಳಿಯ ಕವಲುಗಳು ಮೊಮ್ಮಗನ ಬೆರಳುಗಳಿಗೆ ತಾಗದಂತೆ ತಂದೆಯ ಕೊಂಬುಗಳಿಂದ ಅವನ್ನು ಕತ್ತರಿಸಿ, ತುದಿಗಳನ್ನು ಅರದಿಂದ ಉಜ್ಜಿ, ಬುಡದಲ್ಲಿ ರಂಧ್ರ ಕೊರೆದು ದಾರ ಕಟ್ಟಿದನು. ಆಮೇಲೆ ಆ ಹಳೆಯ ಕೊಂಬುಗಳ ಉದ್ದಕ್ಕೂ ಕಿತ್ತಳೆ ಬಣ್ಣವನ್ನು ಬಳಿದನು. ಬಳಿಯುವಾಗ ಒಂದು ಮಾತನ್ನೂ ಆಡಲಿಲ್ಲ. ಸೊಸೆಯು ಒಳಗಿನಿಂದ ಅದೇ ಬಣ್ಣದ ಬಟ್ಟೆಯ ಚೀಲವನ್ನು ಹೊಲಿದು ತಂದಳು; ದಾರಿಯಲ್ಲಿ ಹೊತ್ತುಕೊಂಡು ಹೋಗುವಾಗ ಕೊಂಬುಗಳು ಅದರೊಳಗಿರಬೇಕೆಂದು ಕರಾರಾಯಿತು.

ಶನಿವಾರ ನಸುಕಿನಲ್ಲಿ ಹೋದವರು ಹತ್ತು ಗಂಟೆಗೆ ಹಿಂದಿರುಗಿದರು. ಎರಡನೆಯ ಸಲ ಬಡಿದಾಗ ಒಂದು ಗಂಡು ಬಂದಿತಂತೆ, ಇಪ್ಪತ್ತು ಹೆಜ್ಜೆಗಳ ಹತ್ತಿರಕ್ಕೆ. ಇನ್ನೂ ಎಳೆಯದೆಂದು ಅಜ್ಜನು ತಲೆಯಾಡಿಸಿದನು. ಅದು ಕಿವಿಗಳನ್ನು ನಿಮಿರಿಸಿ, ಹುಡುಗನ ಕೈಯಲ್ಲಿದ್ದ ಕಿತ್ತಳೆಯ ಕೊಂಬುಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದು, ಗಾಳಿ ತಿರುಗಿದೊಡನೆ ಬಿಳಿಯ ಬಾಲವನ್ನೆತ್ತಿ ಓಡಿಹೋಯಿತಂತೆ. ಹುಡುಗನು ಈ ಕಥೆಯನ್ನು ಅಡಿಗೆಮನೆಯಲ್ಲಿ ತಾಯಿಗೆ ನಾಲ್ಕು ಸಲ ಹೇಳಿದನು.