ಕೆಚ್ಚಲು ಬಾವು: ಬರೆದುಕೊಟ್ಟ ಮದ್ದು ಸಿಗದಿದ್ದರೆ ಏನು ಮಾಡಬೇಕು?

ಕೊಟ್ಟಿಗೆ ಕೆಸರಾಗುವ ದಿನಗಳಲ್ಲಿ ಕೆಚ್ಚಲು ಬಾವಿನ ಕಾಟ ಹೆಚ್ಚುವುದನ್ನು ರೈತ ಬಾಂಧವರೆಲ್ಲ ಬಲ್ಲಿರಿ. ಅದರಲ್ಲೂ ಹೊಸದಾಗಿ ಈದ, ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳಿಗೆ ಈ ರೋಗ ಬೇಗ ತಗಲುತ್ತದೆ. ಹಾಲಿನಲ್ಲಿ ಗರಣೆ ಬರುತ್ತದೆ, ಕೆಚ್ಚಲು ಬಿಸಿಯಾಗಿ ಗಟ್ಟಿಯಾಗುತ್ತದೆ. ವೈದ್ಯರು ಮದ್ದಿನ ಚೀಟಿ ಬರೆದುಕೊಡುತ್ತಾರೆ. ಆದರೆ ಪೇಟೆಯ ಅಂಗಡಿಯಲ್ಲಿ ಆ ಮದ್ದು ಇರುವುದಿಲ್ಲ, ಇದ್ದರೂ ಅದರ ಬೆಲೆ ಕೈಗೆಟುಕುವುದಿಲ್ಲ. ಆಗ ನೀವು ಮಾಡುವ ತೀರ್ಮಾನದ ಮೇಲೆ ಆ ಮೊಲೆ ಉಳಿಯುವುದೂ ಬತ್ತುವುದೂ ನಿಂತಿದೆ.

ಎಲ್ಲ ಮದ್ದೂ ಒಂದೇ ಅಲ್ಲ

'ಅದಿಲ್ಲದಿದ್ದರೆ ಇದು' ಎಂದು ಅಂಗಡಿಯವರು ಕೊಟ್ಟದ್ದನ್ನು ತರಬೇಡಿ. ಕೆಚ್ಚಲು ಬಾವು ತರುವ ರೋಗಾಣುಗಳು ಹಲವು. ಸ್ಟೆಫಿಲೊಕಾಕಸ್ ಜಾತಿಯ ಅನೇಕ ರೋಗಾಣುಗಳು ಪೆನ್ಸಿಲಿನ್ನನ್ನೇ ಒಡೆದುಹಾಕುವ ಕಿಣ್ವವನ್ನು ತಯಾರಿಸುತ್ತವೆ. ಅಂಥ ಕಡೆ ಕ್ಲಾಕ್ಸಾಸಿಲಿನ್ ಕೆಲಸ ಮಾಡಬಲ್ಲದು. ಆದರೆ ಸಗಣಿಯಿಂದ ಬರುವ ಇ. ಕೋಲಿ ರೋಗಾಣುವಿನ ಮೇಲೆ ಅದೇ ಕ್ಲಾಕ್ಸಾಸಿಲಿನ್ ನಡೆಯುವುದಿಲ್ಲ. ಬೂಷ್ಟಿನಿಂದ ಬಂದ ಬಾವಿಗಂತೂ ಯಾವ ಆಂಟಿಬಯೋಟಿಕ್ಕೂ ನಾಟುವುದಿಲ್ಲ. ಆದ್ದರಿಂದ ಬದಲಿ ಮದ್ದನ್ನು ವೈದ್ಯರೇ ಆರಿಸಬೇಕು. ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಹಾಲಿನ ಮಾದರಿಯನ್ನು ಶುದ್ಧವಾದ ಸೀಸೆಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಲು ಸಾಧ್ಯವಾದರೆ ಈ ಆಯ್ಕೆ ಸುಲಭವಾಗುತ್ತದೆ.

ಮನೆಮಂದಿಗೆ ತಂದು ಉಳಿದ ಗುಳಿಗೆಗಳನ್ನು ಹಸುವಿಗೆ ತಿನ್ನಿಸುವುದು, ಐದು ದಿನದ ಮದ್ದನ್ನು ಎರಡೇ ದಿನ ಕೊಟ್ಟು ನಿಲ್ಲಿಸುವುದು ಕೂಡದು. ಹೀಗೆ ಅರ್ಧಂಬರ್ಧ ಮದ್ದು ಉಂಡ ರೋಗಾಣುಗಳಲ್ಲಿ ಗಟ್ಟಿಯಾದವು ಉಳಿದುಕೊಂಡು, ಮುಂದೆ ಆ ಮದ್ದಿಗೆ ಬಗ್ಗದಂತಾಗುತ್ತವೆ. ಇದೇ ಭಯದಿಂದ 2019ರಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ಎಂಬ ಮದ್ದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸದಂತೆ ನಿಷೇಧಿಸಿತು.

ಖರ್ಚು ತಗ್ಗಿಸುವ ದಾರಿ

ಚೀಟಿಯಲ್ಲಿ ಕಂಪನಿಯ ಹೆಸರಿದ್ದರೆ, ಒಳಗಿನ ಮದ್ದಿನ ಹೆಸರೇನೆಂದು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಅದೇ ಮದ್ದು, ಅದೇ ಪ್ರಮಾಣದಲ್ಲಿ, ಬೇರೆ ಕಂಪನಿಯದು ಕಡಿಮೆ ಬೆಲೆಗೆ ಸಿಗಬಹುದು. 'ಇಷ್ಟು ಹಣ ಹೊಂದಿಸಲಾರೆ' ಎಂದು ಮೊದಲೇ ಹೇಳಲು ಸಂಕೋಚ ಬೇಡ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ದಾಸ್ತಾನು ಇದೆಯೇ ಎಂದು ವಿಚಾರಿಸಿ. ಸಂಚಾರಿ ಪಶು ಚಿಕಿತ್ಸೆಗೆ 1962ಕ್ಕೆ ದೂರವಾಣಿ ಮಾಡಬಹುದು. ಕಡಿಮೆ ಬೆಲೆಯ ಪಶು ಔಷಧಿಗಾಗಿ 'ಪಶು ಔಷಧಿ' ಎಂಬ ಯೋಜನೆಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿದೆ.

ಲೋಳೆಸರದ ಲೇಪ

ಬಾವು ಈಗಷ್ಟೇ ಆರಂಭವಾಗಿದ್ದು, ಹಸು ಮೇವು ತಿನ್ನುತ್ತಾ ಲವಲವಿಕೆಯಿಂದಿದ್ದರೆ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಮನೆಮದ್ದನ್ನು ವೈದ್ಯರಿಗೆ ತಿಳಿಸಿ ಬಳಸಬಹುದು. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯವೂ ಈ ಕೆಲಸದಲ್ಲಿ ತೊಡಗಿದೆ.

ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆಅಡಿಕೆಗೆ ಬಳಸುವ ಸುಣ್ಣ 15 ಗ್ರಾಂ ಸೇರಿಸಿ ನುಣ್ಣಗೆ ಅರೆಯಿರಿ. ಕೆಂಪು ಬಣ್ಣದ ಮುದ್ದೆಯಾಗುತ್ತದೆ. ಕೆಚ್ಚಲನ್ನು ತೊಳೆದು, ಹಾಲು ಪೂರ್ತಿ ಹಿಂಡಿ, ಒಂದು ಹಿಡಿ ಮುದ್ದೆಗೆ 150ರಿಂದ 200 ಮಿ.ಲೀ. ನೀರು ಬೆರೆಸಿ ಕೆಚ್ಚಲಿಗೆಲ್ಲ ಹಚ್ಚಿರಿ. ದಿನಕ್ಕೆ ಹತ್ತು ಬಾರಿಯಂತೆ ಐದು ದಿನ ಹಚ್ಚಬೇಕು. ಪ್ರತಿದಿನ ಹೊಸದಾಗಿ ಅರೆಯಿರಿ. ಜೊತೆಗೆ ಮೂರು ದಿನ, ದಿನಕ್ಕೆ ಎರಡು ನಿಂಬೆಹಣ್ಣನ್ನು ಹೋಳು ಮಾಡಿ ತಿನ್ನಿಸಿರಿ. ಕೆಟ್ಟ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಹಿಂಡದೆ, ಪಾತ್ರೆಗೆ ಹಿಡಿದು ದೂರ ಚೆಲ್ಲಿರಿ. ರೋಗದ ಹಸುವನ್ನು ಕೊನೆಯಲ್ಲಿ ಹಿಂಡಿರಿ.

ಕಾಯಬಾರದ ಲಕ್ಷಣಗಳು

ಹಸುವಿಗೆ ಜ್ವರ ಬಂದರೆ, ಮೇವು ಬಿಟ್ಟರೆ, ಏಳಲಾರದಾದರೆ, ಹಾಲು ನೀರಿನಂತೆ ಅಥವಾ ರಕ್ತದಂತೆ ಬಂದರೆ, ಮೊಲೆ ತಣ್ಣಗಾಗಿ ನೀಲಿಗಟ್ಟಿದರೆ ಲೇಪ ನಂಬಿ ಕೂರಬೇಡಿ. ಅದು ಕೆಲವೇ ಗಂಟೆಗಳಲ್ಲಿ ಹಸುವಿನ ಪ್ರಾಣಕ್ಕೇ ಬರಬಹುದು. ಮದ್ದು ಸಿಗದಿದ್ದರೂ ವೈದ್ಯರನ್ನು ಕರೆತನ್ನಿರಿ. ಲೇಪ ಹಚ್ಚಿಯೂ ಒಂದೆರಡು ದಿನದಲ್ಲಿ ಇಳಿಮುಖ ಕಾಣದಿದ್ದರೆ ಮತ್ತೆ ತೋರಿಸಿರಿ.

ಆಂಟಿಬಯೋಟಿಕ್ ಕೊಟ್ಟಿದ್ದರೆ, ಒಂದೇ ಮೊಲೆಗೆ ಹಾಕಿದ್ದರೂ, ನಾಲ್ಕೂ ಮೊಲೆಗಳ ಹಾಲನ್ನು ಸಂಘಕ್ಕೆ ಹಾಕಬೇಡಿ. ಚೀಟಿಯಲ್ಲಿ ಹೇಳಿದಷ್ಟು ದಿನ ಬಿಡಿ. ಅಲ್ಲಿ ದಿನ ನಮೂದಿಸದಿದ್ದರೆ ಕನಿಷ್ಠ 7 ದಿನ ಬಿಡಬೇಕೆಂಬುದು ನಿಯಮ. ಅಂಥ ಹಾಲು ಬೆರೆತರೆ ಮೊಸರು ಸಹ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಕುಡಿಯುವವರಿಗೂ ಕೇಡು.

ಎಲ್ಲಕ್ಕಿಂತ ಅಗ್ಗದ ಮದ್ದು ರೋಗ ಬಾರದಂತೆ ನೋಡುವುದೇ. ಹಿಂಡಿದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸುವಿಗೆ ಮೇವು ಹಾಕಿರಿ. ಅರ್ಧ ಗಂಟೆ ಅದು ನಿಂತೇ ಇರಲಿ. ಮೊಲೆಯ ಬಾಯಿ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಈ ಅಭ್ಯಾಸವನ್ನು ಇಂದಿನ ಸಂಜೆಯ ಹಾಲಿನಿಂದಲೇ ಆರಂಭಿಸಬಹುದು.