ಹಳೇ ಫಿಯೆಟ್‌ಗೆ ಬಂಪರ್: ಮನೆಯಲ್ಲೆಷ್ಟು, ಹೊರಗೆಷ್ಟು?



ಡೊಂಬಿವಲಿ ಎಂಐಡಿಸಿಯ ವಸತಿ ವಿಭಾಗದಲ್ಲಿ, ಮಿಲಾಪ್‌ನಗರದ ಕಡೆ ಒಂದು ಸುತ್ತು ಹಾಕಿದರೆ, ಯಾವುದೋ ಬಂಗಲೆಯ ಕಾಂಪೌಂಡಿನೊಳಗೆ ತಾಡಪತ್ರಿ ಹೊದ್ದು ಕೂತ ಹಳೇ ಫಿಯೆಟ್ ಕಂಡರೆ ಆಶ್ಚರ್ಯಪಡಬೇಕಿಲ್ಲ. ಅಪ್ಪ ಕೊಂಡ ಮೊದಲ ಕಾರು, ಮಾರಲು ಮನಸ್ಸು ಬರುವುದಿಲ್ಲ. ಮಳೆಗಾಲ ಮುಗಿದು ತಾಡಪತ್ರಿ ತೆಗೆದಾಗ ಮೊದಲು ಕಣ್ಣಿಗೆ ಬೀಳುವುದು ಬಂಪರಿನ ತುಕ್ಕು!

ಬಂಪರ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸವೇ? ಅರ್ಧ ಹೌದು, ಅರ್ಧ ಅಲ್ಲ. ಬಿಚ್ಚುವುದು ಮತ್ತು ಕೂರಿಸುವುದು ಮನೆಯ ಕೆಲಸ. ಹೊಳಪು ಹಾಕುವುದು ಖಂಡಿತ ಅಲ್ಲ. ಈ ಗೆರೆ ಎಲ್ಲಿದೆ ಎಂದು ತಿಳಿದಿದ್ದರೆ ಕಾರೂ ಉಳಿಯುತ್ತದೆ, ನಾವೂ ಉಳಿಯುತ್ತೇವೆ.

ನಮ್ಮೂರಿನ ಕಾರು

ಫಿಯೆಟ್ ಇಟಲಿಯ ಹೆಸರಾದರೂ ನಾವು ಕಂಡ ಫಿಯೆಟ್ ಮುಂಬಯಿಯದೇ. ವಾಲ್‌ಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕುರ್ಲಾ ಕಾರ್ಖಾನೆಯಲ್ಲಿ ಇದು ತಯಾರಾಗುತ್ತಿತ್ತು. 1970ರ ದಶಕದಲ್ಲಿ ಇದಕ್ಕೆ 'ಪದ್ಮಿನಿ' ಎಂಬ ಹೆಸರು ಬಂತು. 2003ರ ಅಕ್ಟೋಬರ್‌ನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಕಾಲಿ-ಪೀಲಿ ಟ್ಯಾಕ್ಸಿ, ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ಕ್ಕೆ ಬೀದಿಯಿಂದ ಸರಿಯಿತು. ಇದೇ ಕಂಪನಿಯ ಬಳಗ 1990ರ ದಶಕದಲ್ಲಿ ನಮ್ಮ ಮಗ್ಗುಲಿನ ಕಲ್ಯಾಣದಲ್ಲಿ ಪೇಜೋ 309 ಕಾರು ತಯಾರಿಸಿತು. ಅದಕ್ಕೆ ಪ್ಲಾಸ್ಟಿಕ್ ಬಂಪರ್. ಹಳೇ ಫಿಯೆಟ್‌ನದು ಉಕ್ಕು, ಅದರ ಮೇಲೆ ಕ್ರೋಮ್. ನಮ್ಮ ಕಷ್ಟ ಶುರುವಾಗುವುದೇ ಅಲ್ಲಿ.

ಬದಲಿಸಲೇಬೇಕೇ?

ಚುಕ್ಕೆ ಚುಕ್ಕೆ ತುಕ್ಕಾಗಿದ್ದರೆ ಬದಲಿಸುವ ಅಗತ್ಯವೇ ಇಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದು, ಹಾಗಾಗಿ ಗೀರು ಬೀಳುವ ಭಯ ಕಡಿಮೆ. ಆಮೇಲೆ ಒರೆಸಿ ವ್ಯಾಕ್ಸ್ ಹಚ್ಚಿ. ಪದರವೇ ಹಪ್ಪಳದಂತೆ ಏಳುತ್ತಿದ್ದರೆ ಮಾತ್ರ ಬಿಚ್ಚಬೇಕು.

ಆಗಲೂ ಹಳೆಯದನ್ನು ಭಂಗಾರ್‌ವಾಲಾಗೆ ಕೊಡುವ ಆತುರ ಬೇಡ. ಹೊಸದಾಗಿ ಸಿಗುವ ನಕಲು ಬಂಪರಿನ ತಗಡು ಎಷ್ಟೋ ಸಲ ತೆಳು, ತೂತುಗಳೂ ಹೊಂದುವುದಿಲ್ಲ. ಕುರ್ಲಾದ ಸಿಎಸ್‌ಟಿ ರಸ್ತೆಗೋ ಚೋರ್ ಬಜಾರಿಗೋ ಹೋಗುವುದಾದರೆ ಹಳೇ ಬಂಪರಿನ ಅಳತೆ ಮತ್ತು ಫೋಟೋ ಕೈಯಲ್ಲಿರಲಿ. ಇನ್ನೊಂದು ಕಾರಣವೂ ಇದೆ. ಕೇಂದ್ರ ಸರಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ 'ವಿಂಟೇಜ್' ನೋಂದಣಿ ಸಿಗುತ್ತದೆ. 1974-75ರ ಗಾಡಿಗಳು ಈಗ ಆ ಗೆರೆ ದಾಟಿವೆ. ಬಂಪರ್ ಬದಲು ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಿಸುವ ಯೋಚನೆಯನ್ನಂತೂ ಬಿಡಿ. ಪಾದಚಾರಿಗಳಿಗೆ ಅಪಾಯವೆಂದು ಅವುಗಳ ಮೇಲೆ ಕ್ರಮ ಕೈಗೊಳ್ಳಲು 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಸೂಚಿಸಿದೆ.

ಬಿಚ್ಚುವ ಕ್ರಮ

ಹಿಂದಿನ ರಾತ್ರಿಯೇ ಬೋಲ್ಟುಗಳ ಹಲ್ಲನ್ನು ತಂತಿ ಬ್ರಶ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಅರ್ಧ ಕೆಲಸ ಆ ಎಣ್ಣೆಯೇ ಮಾಡುತ್ತದೆ. ಫಿಯೆಟ್‌ಗೆ ಎಂ.ಎಂ. ಪಾನಾ ಬೇಕು. ಅಂಬಾಸಿಡರ್ ಇಂಗ್ಲೆಂಡಿನ ಮೂಲದ್ದು, ಅದಕ್ಕೆ ಇಂಚಿನ ಪಾನಾ. ಅಳತೆ ತಪ್ಪಿದರೆ ಬೋಲ್ಟಿನ ಮೂಲೆ ಸವೆದು ಪಾನಾ ಜಾರುತ್ತದೆ, ಗಂಟು ಒಡೆಯುವುದು ನಮ್ಮ ಕೈಯದು.

ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಮರದ ತುಂಡು ಅಡ್ಡ ಕೊಡಿ. ಗಾಡಿ ಎತ್ತಲೇಬೇಕಾದರೆ ಸ್ಟ್ಯಾಂಡ್ ಕೊಡದೆ, ಬರೀ ಜಾಕ್ ನಂಬಿ ಅಥವಾ ಇಟ್ಟಿಗೆ ಜೋಡಿಸಿ ಅಡಿಗೆ ನುಸುಳಬೇಡಿ. ದೀಪದ ವಯರ್ ಬಿಚ್ಚುವುದಿದ್ದರೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಎರಡೂ ಬದಿ ಒಂದೊಂದು ಬೋಲ್ಟ್ ಉಳಿಯುವವರೆಗೆ ಬಿಚ್ಚಿ, ಕೊನೆಯವನ್ನು ತೆಗೆಯುವಾಗ ಇನ್ನೊಬ್ಬರು ಹಿಡಿದುಕೊಳ್ಳಲಿ. ಕೆಳಗೆ ಹಳೇ ಕೌದಿ ಹಾಸಿ. ಯಾವ ಬೋಲ್ಟ್ ಎಲ್ಲಿಯದು, ಎಷ್ಟು ವಾಶರ್ ಇತ್ತು ಎಂದು ಚೀಟಿ ಬರೆದಿಡಿ.

ಹೊಳಪಿನ ಹಿಂದೆ

ಕ್ರೋಮ್ ಎಂದು ನಾವು ಕಾಣುವ ಪದರ ಒಂದು ಮೈಕ್ರಾನ್‌ಗಿಂತ ತೆಳು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಉಕ್ಕನ್ನು ತುಕ್ಕಿನಿಂದ ಕಾಯುವುದು ನಿಜವಾಗಿ ಅದರ ಕೆಳಗಿನ ದಪ್ಪ ನಿಕ್ಕೆಲ್. ಆದ್ದರಿಂದ ಪ್ಲೇಟಿಂಗ್ ಮಾಡುವವರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಹೊಳೆಯುತ್ತದೆ?" ಅಲ್ಲ, "ನಿಕ್ಕೆಲ್ ಎಷ್ಟು ಹಾಕುತ್ತೀರಿ?" ಎಂಬುದು.

ಇನ್ನು ಗೆರೆಯ ಮಾತು. ಬಾತ್‌ರೂಮ್ ಆಸಿಡ್ ಸುರಿದು ಹಳೇ ಕ್ರೋಮ್ ಕಳಚಬಹುದು ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಅದರ ಹೊಗೆ ಶ್ವಾಸಕೋಶವನ್ನು ಸುಡುತ್ತದೆ, ಲೋಹ ಕರಗಿದ ನೀರು ಗಟಾರ ಹಿಡಿದು ಖಾಡಿ ಸೇರುತ್ತದೆ. ಪ್ಲೇಟಿಂಗ್ ತೊಟ್ಟಿಯಲ್ಲಿ ಬಳಸುವ ಕ್ರೋಮಿಕ್ ಆಸಿಡ್ ಇನ್ನೂ ಕೆಟ್ಟದ್ದು. ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ ಎಂಬುದು ಸಿದ್ಧವಾದ ಸಂಗತಿ. ರಕ್ಷಣೆಯಿಲ್ಲದೆ ದುಡಿದ ಕಾರ್ಮಿಕರ ಮೂಗಿನ ನಡುಗೋಡೆಯೇ ತೂತಾದದ್ದುಂಟು. 2020ರ ಫೆಬ್ರವರಿಯಲ್ಲಿ ರಾಸಾಯನಿಕದಿಂದ ನಮ್ಮ ಎಂಐಡಿಸಿಯ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಕಡೆಯೇ ಕೊಡಿ, ಅನುಮತಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ನಾಲ್ಕು ಕಾಸು ಹೆಚ್ಚಾದೀತು. ಅಗ್ಗದ ಹೊಳಪಿನ ಬೆಲೆಯನ್ನು ಇನ್ನಾರದೋ ಮೂಗು ತೆರುವುದಕ್ಕಿಂತ ಅದು ಲೇಸು.

ಮರಳಿ ಕೂರಿಸುವಾಗ

ಬಂಪರಿನ ಒಳಮೈಗೆ ಪ್ಲೇಟಿಂಗ್ ಸರಿಯಾಗಿ ಹಿಡಿಯುವುದಿಲ್ಲ, ತುಕ್ಕು ಹುಟ್ಟುವುದು ಅಲ್ಲಿಯೇ. ಕೂರಿಸುವ ಮುನ್ನ ಅಲ್ಲಿಗೆ ಪ್ರೈಮರ್ ಮತ್ತು ಪೇಂಟ್ ಹಚ್ಚಿ. ಬ್ರಾಕೆಟ್ ಬಾಗಿದೆಯೇ ನೋಡಿ, ಅದಕ್ಕೂ ಬಣ್ಣ ಕೊಡಿ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ಸಡಿಲವಾಗಿ ಹಾಕಿ. ಹತ್ತು ಹೆಜ್ಜೆ ಹಿಂದೆ ಸರಿದು ಎರಡೂ ಬದಿಯ ಸಂದು ಸಮವಿದೆಯೇ ನೋಡಿ ಆಮೇಲೆ ಬಿಗಿ ಮಾಡಿ. ಹೊಸ ಸ್ಪ್ರಿಂಗ್ ವಾಶರ್ ಇರಲಿ, ಹಲ್ಲಿಗೆ ಸ್ವಲ್ಪ ಗ್ರೀಸ್ ಇರಲಿ. ಒಂದು ವಾರ ಓಡಿಸಿ ಮತ್ತೊಮ್ಮೆ ಪಾನಾ ಹಾಕಿ ನೋಡಿ.

ಮುಂದಿನ ಮಳೆಗಾಲಕ್ಕೆ ತಾಡಪತ್ರಿಯನ್ನು ಬಂಪರಿಗೆ ಅಂಟಿಸಿ ಕಟ್ಟಬೇಡಿ, ಗಾಳಿ ಆಡಲಿ. ಅಪ್ಪನ ಕಾರು ಇನ್ನೂ ಹತ್ತು ವರ್ಷ ನಿಮ್ಮ ಅಂಗಳದಲ್ಲಿ ನಗುತ್ತಿರಲಿ!