ಮೀನಿನ ತೊಟ್ಟಿಗೆ ಫೈಬರ್‌ಗ್ಲಾಸ್ ಒಳಹೊದಿಕೆ

ಹಲಗೆಯಿಂದ ಮನೆಯಲ್ಲೇ ದೊಡ್ಡ ಮೀನುತೊಟ್ಟಿ ಕಟ್ಟುವ ರೈತ ಬಾಂಧವರು ಮೂಲೆಗಳನ್ನು ಮೊದಲು ಗಮನಿಸತಕ್ಕದ್ದು. 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಎತ್ತರದ ತೊಟ್ಟಿಯಲ್ಲಿ ನೀರೇ 2 ಟನ್ ತೂಗುತ್ತದೆ! ಫೈಬರ್‌ಗ್ಲಾಸ್ ಚಾಪೆ ಚೂಪು ಮೂಲೆಗೆ ಬಾಗದು. ಅಡಿಯಲ್ಲಿ ಗಾಳಿ ಉಳಿದು ಅಲ್ಲೇ ಸೋರೀತು. ಆದುದರಿಂದ ಪುಟ್ಟಿ ಮೆತ್ತಿ ಮೂಲೆಯನ್ನು ಗುಂಡಗೆ ಮಾಡಿಕೊಳ್ಳಿರಿ. ಚೆನ್ನಾಗಿ ಒಣಗಿದ ಹಲಗೆಗೆ ರೆಸಿನ್ ಬಳಿದು, ಚಾಪೆ ಹಾಸಿ, ಮತ್ತೆ ರೆಸಿನ್ ಕುಡಿಸಿ, ರೋಲರಿನಿಂದ ಗುಳ್ಳೆಗಳನ್ನು ಹೊರಡಿಸಬೇಕು. ಬಿಳಿ ಮಚ್ಚೆ ಕಂಡಲ್ಲಿ ರೆಸಿನ್ ಇಳಿದಿಲ್ಲವೆಂದೇ ತಿಳಿಯಿರಿ. ದುಡ್ಡು ಉಳಿಸಲು ಒಂದೇ ಪದರಕ್ಕೆ ನಿಲ್ಲಿಸುವುದು ನಮಗಂತೂ ಒಪ್ಪಿಗೆಯಿಲ್ಲ.

ಪಾಲಿಯೆಸ್ಟರ್ ರೆಸಿನ್‌ಗೆ ಮೊದಲು ಕೋಬಾಲ್ಟ್ ದ್ರಾವಣ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್ ಹಾಕತಕ್ಕದ್ದು. ಇವೆರಡನ್ನೂ ನೇರವಾಗಿ ಬೆರೆಸಕೂಡದು. ಬೆಂಕಿ ಹತ್ತೀತು, ಸಿಡಿದೀತು. ಕೆಲಸ ಗಾಳಿಯಾಡುವ ಜಾಗದಲ್ಲೇ ನಡೆಯಲಿ. ರೆಸಿನ್ ಪೂರ್ತಿ ಗಟ್ಟಿಯಾದ ಮೇಲೆ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ ನೋಡಿರಿ. ವಾಸನೆ ಪೂರ್ತಿ ಹೋಗುವವರೆಗೆ ಮೀನು ಬಿಡಬೇಡಿರಿ.